ಗೇರ್ ಪಿ ಯಲ್ಲೇ ಇತ್ತು, ಆದ್ರೂ ಕಾರು ಜಾಕ್ ಮೇಲಿಂದ ಜಾರಿತು. ಯಾಕೆ?

ಹೊಸಚಕ್ರ:

ಎಲ್ಲರಿಗೂ ನಮಸ್ಕಾರ. ಕಾರು ತಗೊಂಡು ಒಂದೂವರೆ ವರ್ಷ ಆಯಿತು. ಆಟೋಮ್ಯಾಟಿಕ್ ಗಾಡಿ, ಎಂಜಿನ್ ಎಳೆಯೋದು ಮುಂದಿನ ಚಕ್ರಗಳನ್ನು. ಇಷ್ಟು ದಿನ ಪಂಕ್ಚರ್ ಆದಾಗೆಲ್ಲ ಯಾರಾದರೂ ಬಂದು ಚಕ್ರ ಬದಲಾಯಿಸಿಕೊಟ್ಟಿದ್ದಾರೆ, ನಾನು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಿದ್ದೇನೆ ಅಷ್ಟೇ. ಮೊನ್ನೆ ಭಾನುವಾರ ಬೆಳಿಗ್ಗೆ ನೋಡಿದರೆ ಮುಂದಿನ ಎಡಗಡೆ ಟೈರ್ ಪೂರ್ತಿ ಕೂತಿದೆ. ಮನೆ ಮುಂದೆಯೇ ನಿಂತಿತ್ತು, ಜಾಗ ಸಮತಟ್ಟು, ಅವಸರವೂ ಇಲ್ಲ. ಕಲಿಯೋಕೆ ಇದಕ್ಕಿಂತ ಒಳ್ಳೆ ದಿನ ಸಿಗಲ್ಲ ಅಂತ ಡಿಕ್ಕಿ ತೆಗೆದೆ.

ಮಾಡಿದ್ದನ್ನು ಮಾಡಿದ ಹಾಗೇ ಬರೀತೀನಿ, ಬಯ್ಯೋರು ಆಮೇಲೆ ಬಯ್ಯಿರಿ. ಗೇರ್ ಪಿ ಗೆ, ಅಂದ್ರೆ ಪಾರ್ಕಿಂಗಿಗೆ, ಹಾಕಿ ಎಂಜಿನ್ ಆಫ್ ಮಾಡಿದೆ. ಹ್ಯಾಂಡ್ ಬ್ರೇಕ್ ಹಾಕಲಿಲ್ಲ. ಯಾವತ್ತೂ ಹಾಕೋದೇ ಇಲ್ಲ, ಪಿ ಇದ್ದ ಮೇಲೆ ಗಾಡಿ ಎಲ್ಲಿಗೆ ಹೋಗುತ್ತೆ ಅನ್ನೋ ಧೈರ್ಯ. ಜಾಕ್ ಮಾತ್ರ ಸರಿಯಾದ ಜಾಗಕ್ಕೇ ಕೊಟ್ಟೆ, ಮುಂದಿನ ಚಕ್ರದ ಹಿಂದೆ, ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚು ಇರುತ್ತಲ್ಲ, ಅದರ ಮಧ್ಯೆ. ಚಕ್ರ ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ಬಂತು. ಆಮೇಲೆ ನಟ್ ಬಿಚ್ಚೋಕೆ ಶುರು ಮಾಡಿದೆ.

ನಟ್ ಅಲ್ಲಾಡಲಿಲ್ಲ. ಸ್ಪ್ಯಾನರ್ ಹಿಡಿದು ಎರಡೂ ಕೈಯಲ್ಲಿ ಮೈಭಾರ ಬಿಟ್ಟು ಒತ್ತಿದೆ. ಚಕ್ರ ಸ್ವಲ್ಪ ತಿರುಗಿದ ಹಾಗಾಯಿತು. ಮತ್ತೆ ಒತ್ತಿದೆ. ಆಗ ಕರ್ ಅಂತ ಒಂದು ಸದ್ದು ಬಂತು, ಬಗ್ಗಿ ನೋಡೋಷ್ಟರಲ್ಲಿ ಜಾಕ್ ಹಿಂದಕ್ಕೆ ವಾಲಿ, ಕಾರು ಧಪ್ ಅಂತ ಕೂತಿತು. ಚಕ್ರ ಇನ್ನೂ ಬಿಚ್ಚಿರಲಿಲ್ಲ, ಹಾಗಾಗಿ ಟೈರ್ ಮೇಲೆ ಕೂತಿತು, ಗಾಡಿಗೆ ಏನೂ ಆಗಿಲ್ಲ. ಜಾಕ್ ಮಾತ್ರ ಸೊಟ್ಟಗಾಗಿದೆ. ಇನ್ನೈದು ನಿಮಿಷ ಕಳೆದಿದ್ದರೆ ಚಕ್ರ ಹೊರಗಿರುತ್ತಿತ್ತು, ನನ್ನ ಕೈ ಒಳಗಿರುತ್ತಿತ್ತು. ಅದನ್ನು ನೆನೆಸಿಕೊಂಡು ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಸಮತಟ್ಟು ಜಾಗದಲ್ಲಿ, ಪಿ ಯಲ್ಲಿದ್ದ ಗಾಡಿ ಹಿಂದಕ್ಕೆ ಹೋಗಿದ್ದು ಹೇಗೆ? ಜಾಕ್ ಕೆಟ್ಟದ್ದಾ, ಗೇರ್‌ಬಾಕ್ಸ್ ಏನಾದ್ರೂ ಹೋಗಿದೆಯಾ, ಅಥವಾ ತಪ್ಪು ನನ್ನದೇನಾ?


ಗ್ರೀಸ್‌ಕೈ:

ಕೈಗೆ ಏನೂ ಆಗಿಲ್ಲ ಅಲ್ವಾ? ಹಾಗಾದ್ರೆ ಇದು ಅಗ್ಗದಲ್ಲಿ ಸಿಕ್ಕ ಪಾಠ. ಗೇರ್‌ಬಾಕ್ಸ್ ಚೆನ್ನಾಗೇ ಇದೆ. ಜಾಕ್ ಕೂಡ ಬೀಳೋಕೆ ಮುಂಚೆ ಚೆನ್ನಾಗೇ ಇತ್ತು. ಗಾಡಿಯನ್ನು ಹಿಂದಕ್ಕೆ ತಳ್ಳಿದ್ದು ನೀವೇ, ಅದೂ ಸ್ಪ್ಯಾನರ್ ಹಿಡಿದುಕೊಂಡು.

ನಗಬೇಡಿ, ಹೇಳ್ತೀನಿ ಕೇಳಿ. ಪಿ ಗೆ ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಒಂದು ಹಲ್ಲಿನ ಚಕ್ರದ ಸಂದಿಗೆ ಪುಟ್ಟ ಕಬ್ಬಿಣದ ಕೊಕ್ಕೆಯೊಂದು ಬೀಳುತ್ತೆ. ಅದು ಹಿಡಿದುಕೊಳ್ಳೋದು ಗೇರ್‌ಬಾಕ್ಸಿನಿಂದ ಹೊರಗೆ ಬರೋ ಶಾಫ್ಟನ್ನು, ರಸ್ತೆ ಮೇಲಿರೋ ಚಕ್ರಗಳನ್ನಲ್ಲ. ಆ ಶಾಫ್ಟಿಗೂ ಚಕ್ರಗಳಿಗೂ ನಡುವೆ ಡಿಫರೆನ್ಶಿಯಲ್ ಅಂತ ಒಂದಿದೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದ್ದು ಕಡಿಮೆ, ಆ ಹೊಂದಾಣಿಕೆಗೆ ಇರೋದು ಅದು. ಈಗ ಡಿಫರೆನ್ಶಿಯಲ್ ಗೂಡನ್ನು ಅಲ್ಲಾಡದ ಹಾಗೆ ಹಿಡಿದು, ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಅಷ್ಟೇ ಹಿಂದಕ್ಕೆ ತಿರುಗುತ್ತೆ. ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ಎರಡೂ ಚಕ್ರ ನೇತಾಡುವಾಗ ಪಿ ಗೆ ಹಾಕಿಸಿ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, ಕಣ್ಣಾರೆ ಕಾಣುತ್ತೆ.

ಎರಡೂ ಚಕ್ರ ನೆಲದ ಮೇಲಿದ್ದಾಗ ಗಾಡಿ ಉರುಳಬೇಕು ಅಂದ್ರೆ ಎರಡೂ ಒಂದೇ ಕಡೆ ತಿರುಗಬೇಕು. ಪಿ ಅದಕ್ಕೆ ಬಿಡಲ್ಲ, ಗಾಡಿ ನಿಲ್ಲುತ್ತೆ. ಒಂದನ್ನು ಜಾಕ್ ಕೊಟ್ಟು ಎತ್ತಿದ ತಕ್ಷಣ ಈ ಲೆಕ್ಕ ಪೂರ್ತಿ ಹಾಳು. ಗಾಳಿಯಲ್ಲಿರೋ ಚಕ್ರ ಆರಾಮಾಗಿ ಹಿಮ್ಮುಖ ತಿರುಗುತ್ತೆ, ನೆಲದ ಮೇಲಿರೋದು ಆರಾಮಾಗಿ ಉರುಳುತ್ತೆ. ಅಂದ್ರೆ ಮುಂದಿನ ಚಕ್ರ ಎತ್ತಿದಾಗ, ಮುಂದಿನ ಚಕ್ರ ಎಳೆಯೋ ಗಾಡಿಯಲ್ಲಿ, ಪಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಮ್ಯಾನ್ಯುವಲ್ ಗಾಡಿಯನ್ನು ಒಂದನೇ ಗೇರಿನಲ್ಲಿ ನಿಲ್ಲಿಸಿ ಬಿಟ್ಟರೂ ಇದೇ ಕಥೆ.

ಇನ್ನು ನಿಮ್ಮ ಮೈಭಾರ. ಸ್ಪ್ಯಾನರ್ ಉದ್ದ ಹೆಚ್ಚುಕಡಿಮೆ ಒಂದಡಿ. ಚಕ್ರದ ನಡುವಿನಿಂದ ನೆಲಕ್ಕೂ ಹೆಚ್ಚುಕಡಿಮೆ ಒಂದಡಿ. ನೀವು ಸ್ಪ್ಯಾನರ್ ತುದಿಗೆ 40 ಕೆಜಿ ಹಾಕಿದರೆ, ಡಿಫರೆನ್ಶಿಯಲ್ ಮೂಲಕ ಆಚೆ ಬದಿಯ ಚಕ್ರ ನೆಲವನ್ನು ಒದೆಯೋದೂ 40 ಕೆಜಿಯಷ್ಟೇ. ಸಮತಟ್ಟು ಜಾಗದಲ್ಲಿ ಚಿಕ್ಕ ಕಾರು ಅಲ್ಲಾಡೋಕೆ ಅದರ ಅರ್ಧ ಸಾಕು, ಒಬ್ಬರೇ ತಳ್ಳೋದನ್ನು ನೋಡಿಲ್ವಾ? ಇನ್ನೊಂದು ನೋಡಿ. ಎಡ ಚಕ್ರದಲ್ಲಿ ನಟ್ ಬಿಚ್ಚೋ ದಿಕ್ಕು ಅಂದ್ರೆ ಗಾಡಿ ಮುಂದೆ ಹೋಗುವಾಗ ಆ ಚಕ್ರ ತಿರುಗೋ ದಿಕ್ಕೇ. ಅದು ಮುಂದಕ್ಕೆ ತಿರುಗಿದರೆ ಬಲಗಡೆಯದ್ದು ಹಿಂದಕ್ಕೆ. ಅದಕ್ಕೇ ನಿಮ್ಮ ಜಾಕ್ ಹಿಂದಕ್ಕೆ ವಾಲಿದ್ದು. ಚಕ್ರ ಸ್ವಲ್ಪ ತಿರುಗಿತು ಅಂದ್ರಲ್ಲ, ಅಷ್ಟೇ ದೂರ ಗಾಡಿಯೂ ಹೋಗಿತ್ತು.

ಕತ್ತರಿ ಜಾಕ್ ನೇರವಾಗಿ ಕೆಳಕ್ಕೆ ಬರೋ ಭಾರಕ್ಕೆ ಮಾತ್ರ. ಪಕ್ಕಕ್ಕೆ ನಾಲ್ಕು ಬೆರಳು ವಾಲಿದರೆ ಮುಗೀತು. ಸೊಟ್ಟಗಾದ ಜಾಕನ್ನು ತಟ್ಟಿ ನೇರ ಮಾಡಿ ಮತ್ತೆ ಬಳಸಬೇಡಿ, ಸ್ಕ್ರೂ ಒಳಗೆ ಬಗ್ಗಿರುತ್ತೆ.

ಮುಂದಿನ ಸಲ ಮೊದಲು ಹ್ಯಾಂಡ್ ಬ್ರೇಕ್. ಹೆಚ್ಚಿನ ಕಾರುಗಳಲ್ಲಿ ಅದು ಹಿಡಿಯೋದು ಹಿಂದಿನ ಎರಡು ಚಕ್ರಗಳನ್ನು, ಡಿಫರೆನ್ಶಿಯಲ್ ಗೊಡವೆ ಇಲ್ಲದೆ ನೇರವಾಗಿ. ಬಟನ್ ಇರೋ ಗಾಡಿಯಾದ್ರೆ ಮೀಟರಿನಲ್ಲಿ ಕೆಂಪು ದೀಪ ಬಂದಿದೆಯಾ ನೋಡಿ. ಆಮೇಲೆ ಎತ್ತೋ ಚಕ್ರಕ್ಕೆ ಮೂಲೆಗೆ ಮೂಲೆ ಎದುರಿರೋ ಚಕ್ರದ ಹಿಂದೂ ಮುಂದೂ ಅಡೆ ಇಡಿ. ಕಲ್ಲು, ಮರದ ತುಂಡು, ಏನಾದ್ರೂ ಸರಿ, ಉರುಟಾಗಿರಬಾರದು ಅಷ್ಟೇ. ಪಿ ಯನ್ನೂ ಹಾಕಿ. ಮೂರೂ ಇರಲಿ. ಹಿಂದಿನ ಚಕ್ರ ಎತ್ತುವಾಗ ಹ್ಯಾಂಡ್ ಬ್ರೇಕಿಗೆ ಉಳಿಯೋದು ನೆಲದ ಮೇಲಿರೋ ಒಂದೇ ಹಿಂದಿನ ಚಕ್ರ, ಆಗ ನಿಮ್ಮಂಥ ಗಾಡಿಯಲ್ಲಿ ಪಿ ನಿಜವಾಗಿ ಕೆಲಸಕ್ಕೆ ಬರುತ್ತೆ.

ನಟ್ ಸಡಿಲ ಮಾಡೋದು ಚಕ್ರ ನೆಲದ ಮೇಲಿರುವಾಗಲೇ. ಅರ್ಧ ಸುತ್ತು ಸಾಕು, ಪೂರ್ತಿ ಬಿಚ್ಚಬೇಡಿ. ಆಮೇಲೆ ಜಾಕ್.


ಹೊಸಚಕ್ರ:

ಗ್ರೀಸ್‌ಕೈ ಸರ್, ಎರಡು ಸಲ ಓದಿದೆ. ಅಂದ್ರೆ ನಾನು ಬಿಚ್ಚುತ್ತಾ ಇದ್ದೀನಿ ಅಂದುಕೊಂಡು ಗಾಡಿ ಓಡಿಸ್ತಾ ಇದ್ದೆ! ಮನೆಯಲ್ಲಿ ಇದನ್ನು ಹೇಳಿದ್ದಕ್ಕೆ ಇನ್ನೂ ನಗ್ತಾ ಇದ್ದಾರೆ.

ಇನ್ನೊಂದು ಡೌಟು. ನೆಲದ ಮೇಲಿದ್ದಾಗಲೂ ಆ ನಟ್ ಬಿಚ್ಚೋಕೆ ನನ್ನಿಂದ ಆಗಲಿಲ್ಲ. ಆಮೇಲೆ ಪಕ್ಕದವರು ಬಂದು ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಚ್ಚಿದರು. ಬಿಗಿಯೋವಾಗಲೂ ಹಾಗೇ ಹತ್ತಿ ನಿಂತು ಬಿಗಿದರು. ಅದು ಸರಿನಾ?


ದೂರದಾರಿ:

ಬಿಚ್ಚೋಕೆ ಕಾಲು ಪರವಾಗಿಲ್ಲ. ಬಿಗಿಯೋಕೆ ಕಾಲು ಬೇಡವೇ ಬೇಡ.

ನನ್ನ ತೂಕ 50 ಕೆಜಿ ದಾಟಲ್ಲ, ಒಬ್ಬಳೇ ತುಂಬ ಓಡಾಡ್ತೀನಿ, ಚಕ್ರ ಎಷ್ಟು ಸಲ ಬದಲಾಯಿಸಿದ್ದೀನೋ ಲೆಕ್ಕ ಇಟ್ಟಿಲ್ಲ. ಶಕ್ತಿಗಿಂತ ಸ್ಪ್ಯಾನರ್ ಇಡೋ ರೀತಿ ಮುಖ್ಯ. ಹಿಡಿ ಎಡಗಡೆಗೆ ಬರೋ ಹಾಗೆ, ನೆಲಕ್ಕೆ ಸಮನಾಗಿ ಕೂರಿಸಿ. ನಟ್ ಮೇಲೆ ಪೂರ್ತಿ ಒಳಗೆ ಕೂತಿದೆಯಾ ಬೆರಳಿಟ್ಟು ನೋಡಿ, ಅರ್ಧ ಕೂತಿದ್ದರೆ ಜಾರಿ ನಟ್ಟಿನ ಮೂಲೆ ಸವೆಯುತ್ತೆ, ಮೊಣಕಾಲಿಗೂ ಬೀಳುತ್ತೆ. ಆಮೇಲೆ ಗಾಡಿಯನ್ನು ಕೈಯಲ್ಲಿ ಹಿಡಿದುಕೊಂಡು, ಹಿಡಿಯ ತುದಿಗೆ ಒಂದು ಕಾಲಿಟ್ಟು ನಿಧಾನವಾಗಿ ಭಾರ ಬಿಡಿ. ಮೇಲೆ ಹಾರಿ ಕುಣಿಯಬೇಡಿ. ಟಕ್ ಅಂತ ಸದ್ದು ಬಂದರೆ ಸಡಿಲ ಆಯಿತು ಅಂತ. ನಾನೀಗ ಡಿಕ್ಕಿಯಲ್ಲಿ ಎಳೆದು ಉದ್ದ ಮಾಡೋ ಸ್ಪ್ಯಾನರ್ ಇಟ್ಟಿದ್ದೀನಿ. ಉದ್ದ ಎರಡರಷ್ಟಾದರೆ ಬೇಕಾದ ಬಲ ಅರ್ಧ, ಕಾಲು ಬೇಕೇ ಆಗಲ್ಲ.

ಬಿಗಿಯೋ ವಿಷಯ. ಹೆಚ್ಚಿನ ಸಣ್ಣ ಕಾರುಗಳಿಗೆ ಹೇಳಿರೋ ಬಿಗಿತ 90ರಿಂದ 120 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ) ಒಳಗೆ ಇರುತ್ತೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಸರಿಯಾದ ಅಂಕಿ ಇದೆ ನೋಡಿ. ಒಂದಡಿ ಸ್ಪ್ಯಾನರಿನಲ್ಲಿ ಇದಕ್ಕೆ ಬೇಕಾಗೋದು 30ರಿಂದ 40 ಕೆಜಿ ಬಲ, ಅಂದ್ರೆ ಒಬ್ಬರು ಕೈಯಲ್ಲಿ ಗಟ್ಟಿಯಾಗಿ ಎಳೆದಷ್ಟು. ನಿಮ್ಮ ಪಕ್ಕದವರು 70 ಕೆಜಿ ಇದ್ದಾರೆ ಅಂತಿಟ್ಟುಕೊಳ್ಳಿ, ಹತ್ತಿ ನಿಂತರೆ 200ಕ್ಕೂ ಜಾಸ್ತಿ ಆಯಿತು. ಸ್ಟಡ್, ಅಂದ್ರೆ ನಟ್ ಕೂರೋ ಬೋಲ್ಟ್, ಹಿಗ್ಗುತ್ತೆ. ಅವತ್ತೇ ಮುರಿಯಲ್ಲ, ಅದೇ ಕಷ್ಟ. ನಿಮ್ಮ ಗಾಡಿಯ ನಟ್ಟುಗಳನ್ನು ಒಂದ್ಸಲ ಸಡಿಲ ಮಾಡಿ ಸರಿಯಾಗಿ ಬಿಗಿಸಿ.

ನನಗೂ ಇದರಲ್ಲಿ ಒಂದು ಕಹಿ ಇದೆ. ಒಂದು ಕಡೆ ಟೈರ್ ಹಾಕಿಸಿದ್ದೆ, ಅವರು ಗಾಳಿಗನ್ ಹಿಡಿದು ಟರ್ರ್ ಅಂತ ಐದೈದು ಸೆಕೆಂಡ್ ಒಂದೊಂದು ನಟ್ಟಿಗೂ ಕೊಟ್ಟರು. ನಾನು ಫೋನ್ ನೋಡ್ತಾ ನಿಂತಿದ್ದೆ. ಎರಡು ತಿಂಗಳಾದ ಮೇಲೆ ಕತ್ತಲಾಗೋ ಹೊತ್ತಿಗೆ, ಹತ್ತಿರದಲ್ಲಿ ಯಾರೂ ಇಲ್ಲದ ಕಡೆ ಪಂಕ್ಚರ್. ನಾಲ್ಕು ನಟ್ ಬಂತು, ಐದನೆಯದ್ದು ಬರಲೇ ಇಲ್ಲ. ಒಂದು ನಟ್ಟಿಗೋಸ್ಕರ ಎರಡು ಗಂಟೆ ಕೂತಿದ್ದೆ. ಈಗ ಎಲ್ಲೇ ಟೈರ್ ಕೆಲಸ ಮಾಡಿಸಿದರೂ ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ, ಅಂದ್ರೆ ಬಿಗಿತ ಅಳೆಯೋ ಸ್ಪ್ಯಾನರಿನಲ್ಲಿ, ಕೈಯಲ್ಲೇ ಮಾಡಿ ಅಂತೀನಿ. ಮುಖ ಸಿಂಡರಿಸಿಕೊಂಡೇ ಮಾಡ್ತಾರೆ, ಮಾಡಲಿ.

ಚಕ್ರ ಎತ್ತಿ ಕೂರಿಸೋದು ಹೊಸಬರಿಗೆ ಕಷ್ಟ ಅನ್ನಿಸುತ್ತೆ. ನಿಂತು ಎತ್ತಬೇಡಿ, ಸೊಂಟ ಹೋಗುತ್ತೆ. ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತು, ಸ್ಪ್ಯಾನರನ್ನು ಟೈರ್ ಕೆಳಗೆ ಅಡ್ಡ ತೂರಿಸಿ, ಒಂದು ಕೈಯಲ್ಲಿ ಅದನ್ನು ಸನ್ನೆ ಹಾಗೆ ಮೀಟಿ. ಟೈರ್ ಒಂದಿಂಚು ಮೇಲೇಳುತ್ತೆ, ಇನ್ನೊಂದು ಕೈಯಲ್ಲಿ ತೂತು ಸ್ಟಡ್ಡಿಗೆ ಹೊಂದಿಸಿ ಒಳಗೆ ತಳ್ಳಿ. ಮೊದಲು ಮೇಲಿನ ನಟ್ ಹಾಕಿ, ಚಕ್ರ ತಾನಾಗಿ ನೇತಾಡಿಕೊಂಡು ನಿಲ್ಲುತ್ತೆ. ನಟ್ಟುಗಳನ್ನು ಮೊದಲು ಬೆರಳಲ್ಲೇ ಹಾಕಿ, ಬೆರಳಲ್ಲಿ ಹೋಗದಿದ್ದರೆ ಮರೆ (ನಟ್ಟು, ಸ್ಟಡ್ಡುಗಳ ಸುತ್ತುಗೆರೆ) ಅಡ್ಡ ಕೂತಿದೆ ಅಂತ ಅರ್ಥ, ತೆಗೆದು ಮತ್ತೆ ಹಾಕಿ. ನಟ್ಟಿನ ಒಂದು ತುದಿ ಇಳಿಜಾರಾಗಿ ಕೊರೆದಿರುತ್ತೆ, ಆ ಕಡೆ ರಿಮ್ಮಿನ ಒಳಕ್ಕೆ. ಉಲ್ಟಾ ಹಾಕಿದವರನ್ನೂ ನೋಡಿದ್ದೀನಿ.

ಐದು ನಟ್ ಇದ್ದರೆ ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ. ನಾಲ್ಕಿದ್ದರೆ ಎದುರುಬದುರು. ಸಾಲಾಗಿ ಸುತ್ತ ಬಿಗಿದರೆ ರಿಮ್ ಒಂದು ಕಡೆಗೆ ವಾಲಿ ಕೂರುತ್ತೆ. ಟೈರ್ ನೆಲ ಮುಟ್ಟೋಷ್ಟು ಜಾಕ್ ಇಳಿಸಿ, ಆಮೇಲೆ ಗಟ್ಟಿ ಬಿಗಿತ. ಮೇಲಿದ್ದಾಗಲೇ ಬಿಗಿಯೋಕೆ ಹೋದ್ರೆ ಮತ್ತೆ ನಿಮ್ಮ ಭಾನುವಾರದ ಕಥೆಯೇ, ಈ ಸಲ ಗಾಡಿ ಮುಂದಕ್ಕೆ.


ಸೀದಾಮಾತು:

ಏನ್ರೀ ಇದು, ಒಂದು ಚಕ್ರ ಬದಲಾಯಿಸೋಕೆ ಎಂಜಿನಿಯರಿಂಗ್ ಕಾಲೇಜಿಗೆ ಹೋಗಬೇಕಾ? ನಾನು 20 ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ಅಡೆಗಲ್ಲು ಒಂದು ದಿನವೂ ಇಟ್ಟಿಲ್ಲ, ಗಾಡಿ ಒಂದು ದಿನವೂ ಬಿದ್ದಿಲ್ಲ. ನಟ್ ಗಟ್ಟಿ ಆಗಬಾರದು ಅಂದ್ರೆ ಹಾಕುವಾಗ ಸ್ಟಡ್ಡಿಗೆ ನಾಲ್ಕು ಹನಿ ಎಣ್ಣೆ ಬಿಡಿ, ಬೆಣ್ಣೆ ಹಾಗೆ ಬರುತ್ತೆ. ದೊಡ್ಡ ರಸ್ತೆಯಲ್ಲಾದ್ರೆ ಇದ್ಯಾವುದೂ ಬೇಡ, ಫೋನ್ ಮಾಡಿ ಸಹಾಯ ಕರೆಸಿ ಸುಮ್ನೆ ಕೂತ್ಕೊಳ್ಳಿ.


ಗ್ರೀಸ್‌ಕೈ:

20 ವರ್ಷ ನೀವು ಹ್ಯಾಂಡ್ ಬ್ರೇಕ್ ಹಾಕಿದ್ದೀರಿ, ಅದಕ್ಕೆ ಬಿದ್ದಿಲ್ಲ. ಅಡೆಗಲ್ಲು ಹ್ಯಾಂಡ್ ಬ್ರೇಕಿನ ಕೇಬಲ್ ಕೈಕೊಟ್ಟ ದಿನಕ್ಕೆ.

ಎಣ್ಣೆ ವಿಷಯಕ್ಕೆ ಮಾತ್ರ ನಾನು ಒಪ್ಪಲ್ಲ, ಯಾಕೆ ಅಂತ ಹೇಳ್ತೀನಿ. ನಟ್ ಬಿಗಿಯುವಾಗ ನಾವು ಹಾಕೋ ಬಲದ ಬಹುಪಾಲು ನಟ್ಟಿನ ಮುಖದಲ್ಲಿ ಮತ್ತು ಮರೆಗಳಲ್ಲಿ ಆಗೋ ಘರ್ಷಣೆಗೇ ಹೋಗುತ್ತೆ. ನಿಜವಾಗಿ ಸ್ಟಡ್ ಎಳೆದು ರಿಮ್ಮನ್ನು ಒತ್ತಿ ಹಿಡಿಯೋಕೆ ಸಿಗೋದು ಹತ್ತರಲ್ಲಿ ಒಂದು ಪಾಲಿನಷ್ಟು. ಪುಸ್ತಕದಲ್ಲಿರೋ ಅಂಕಿ, 110 ಅಂತಿಟ್ಟುಕೊಳ್ಳಿ, ಒಣ ಮರೆಗೆ ಲೆಕ್ಕ ಹಾಕಿದ್ದು. ಎಣ್ಣೆ ಬಿಟ್ಟಿರಿ ಅಂದ್ರೆ ಘರ್ಷಣೆ ಕಡಿಮೆ, ಅದೇ 110ಕ್ಕೆ ಸ್ಟಡ್ ಮೇಲೆ ಎಳೆತ ಬಹಳ ಜಾಸ್ತಿ. ಕಾಲಿಟ್ಟು ಬಿಗಿದಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ತುಕ್ಕು ಹಿಡಿದಿದ್ದರೆ ತಂತಿ ಬ್ರಷ್ ಹಾಕಿ ಉಜ್ಜಿ, ಒಣಗಿರಲಿ.

ತುಕ್ಕು ಅಂದಾಗ ನೆನಪಾಯಿತು. ನಟ್ ಎಲ್ಲ ತೆಗೆದ ಮೇಲೂ ಚಕ್ರ ಹಬ್ಬಿಗೆ (ಗಾಡಿಯಲ್ಲಿ ಚಕ್ರ ಕೂರೋ ಭಾಗ) ಅಂಟಿಕೊಂಡು ಬರೋದೇ ಇಲ್ಲ, ಕೆಲವು ಸಲ. ಆಗ ಜಾಕ್ ಮೇಲಿರೋ ಗಾಡಿಯನ್ನು ಒದೆಯೋದು, ಗುದ್ದೋದು, ಕೆಳಗೆ ಕೈಹಾಕಿ ಎಳೆಯೋದು ಮಾಡಬೇಡಿ. ಎಲ್ಲ ನಟ್ಟುಗಳನ್ನೂ ವಾಪಸ್ ಹಾಕಿ, ಬಿಗಿಯದೆ ಒಂದು ಸುತ್ತು ಸಡಿಲ ಬಿಡಿ. ಜಾಕ್ ಇಳಿಸಿ. ಗಾಡಿಯ ಭಾರ ಬೀಳುತ್ತಿದ್ದ ಹಾಗೇ ಟಪ್ ಅಂತ ಬಿಡುತ್ತೆ, ಬಿಡದಿದ್ದರೆ ಮೇಲಿಂದ ಗಾಡಿಯ ಆ ಮೂಲೆಯನ್ನು ನಾಲ್ಕು ಸಲ ಒತ್ತಿ ಕುಲುಕಿ. ಮತ್ತೆ ಎತ್ತಿ. ಆಮೇಲೆ ಹಬ್ಬಿನ ಮುಖ ಉಜ್ಜಿ ಸ್ವಚ್ಛ ಮಾಡಿ ಹೊಸ ಚಕ್ರ ಕೂರಿಸಿ. ತುಕ್ಕಿನ ಚೂರು ನಡುವೆ ಉಳಿದರೆ ಗಾಡಿ ಓಡ್ತಾ ಅದು ಪುಡಿಯಾಗುತ್ತೆ, ನಟ್ ತಾನಾಗಿ ಸಡಿಲ ಆಗುತ್ತೆ.

ತೆಗೆದ ಚಕ್ರವನ್ನು ಪಕ್ಕಕ್ಕೆ ಒರಗಿಸಬೇಡಿ. ಜಾಕ್ ಪಕ್ಕದಲ್ಲೇ ಬಾಗಿಲ ಕೆಳಗಿನ ಅಂಚಿನಡಿಗೆ ಮಲಗಿಸಿ ತಳ್ಳಿ. ಅದಕ್ಕಿಂತ ಮೊದಲು ಸ್ಟೆಪ್ನಿ ಅಲ್ಲಿರಲಿ, ಆಮೇಲೆ ಅದಲುಬದಲು. ಜಾಕ್ ಬಿದ್ದರೆ ಗಾಡಿ ರಿಮ್ ಮೇಲೆ ಕೂರುತ್ತೆ. ರಿಮ್ಮಿಗೆ ಏಟು ಬೀಳುತ್ತೆ, ಬೀಳಲಿ.


ರಾತ್ರಿಪಾಳಿ:

ಕೆಟ್ಟು ನಿಂತ ಗಾಡಿಗಳನ್ನು ಎತ್ತಿಕೊಂಡು ಬರೋ ಕೆಲಸ ನನ್ನದು, ಹೆಚ್ಚಾಗಿ ರಾತ್ರಿ. ಸೀದಾಮಾತು ಅವರ ಕೊನೆ ಮಾತಿನಲ್ಲಿ ಅರ್ಧ ಸರಿ ಇದೆ. ಫೋನ್ ಮಾಡಿ ಅನ್ನೋದು ಸರಿ. ಸುಮ್ನೆ ಕೂತ್ಕೊಳ್ಳಿ ಅಂದ್ರೆ ಎಲ್ಲಿ? ಗಾಡಿ ಒಳಗಾ? ವೇಗದ ರಸ್ತೆಯ ಅಂಚಿನಲ್ಲಿ ನಿಂತ ಗಾಡಿ ಒಳಗೆ ಕೂರೋದು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು. ವಾಹನ ಬರದ ಕಡೆಯ ಬಾಗಿಲಿಂದ ಎಲ್ಲರೂ ಇಳಿದು, ಕಬ್ಬಿಣದ ತಡೆ ಇದ್ದರೆ ಅದರಾಚೆ, ಗಾಡಿಗಿಂತ ಸ್ವಲ್ಪ ಹಿಂದೆ ನಿಲ್ಲಿ. ಗಾಡಿಯ ಮುಂದೆ ನಿಲ್ಲಬೇಡಿ. ಹಿಂದಿನಿಂದ ಯಾರಾದ್ರೂ ಗುದ್ದಿದರೆ ಗಾಡಿ ಬರೋದು ಅಲ್ಲಿಗೇ.

ಟೈರ್ ಹೋಯಿತು ಅಂತ ಗೊತ್ತಾದ ಜಾಗದಲ್ಲೇ ನಿಲ್ಲಿಸಲೇಬೇಕು ಅಂತೇನಿಲ್ಲ. ನಾಲ್ಕೂ ದೀಪ ಮಿನುಗಿಸಿಕೊಂಡು, ನಡಿಗೆ ವೇಗದಲ್ಲಿ, ಅಗಲವಾದ ಸಮ ಜಾಗ ಸಿಗೋವರೆಗೆ ತೆವಳಿಸಿ. ಟೈರ್ ಹಾಳಾಗುತ್ತೆ ಅಂತ ಅಳ್ತಾರೆ ಜನ. ಟೈರ್ ಆಗಲೇ ಹೋಗಿದೆ ಸ್ವಾಮಿ. ತಿರುವಿನಲ್ಲಿ, ಏರಿನ ತುದಿ ದಾಟಿದ ತಕ್ಷಣ, ಇಳಿಜಾರಿನಲ್ಲಿ ನಿಲ್ಲಿಸಬೇಡಿ. ಹೋದ ಟೈರ್ ವಾಹನ ಓಡೋ ಕಡೆಗಿದ್ದರೆ, ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸೋಕೆ ಆಗದಿದ್ದರೆ, ಬೆನ್ನು ರಸ್ತೆಗೆ ಹಾಕಿ ಕೂರೋ ಕೆಲಸ ಬೇಡ. ಆವಾಗ ಫೋನೇ ಸರಿ.

ಕೆಂಪು ತ್ರಿಕೋನವನ್ನು ಡಿಕ್ಕಿಗೆ ಒರಗಿಸಿ ಇಡೋರನ್ನು ವಾರಕ್ಕೊಮ್ಮೆ ನೋಡ್ತೀನಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರೋ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತೆ. ನೋಡಿ, ಅರ್ಥ ಆಗಿ, ಬ್ರೇಕ್ ತುಳಿಯೋಕೆ ಎಷ್ಟು ದೂರ ಬೇಕು ನೀವೇ ಹೇಳಿ. ಕಡಿಮೆ ಅಂದ್ರೂ 50 ಹೆಜ್ಜೆ ಹಿಂದೆ ಇಡಿ, ವೇಗದ ರಸ್ತೆಯಲ್ಲಿ ಅದರ ಎರಡರಷ್ಟು. ಇಡೋಕೆ ಹೋಗುವಾಗ ತ್ರಿಕೋನವನ್ನು ಎದೆ ಮುಂದೆ, ಬರೋ ಗಾಡಿಗಳಿಗೆ ಕಾಣೋ ಹಾಗೆ ಹಿಡಿದು ನಡೀರಿ. ಆಮೇಲೆ ಅದನ್ನು ಅಲ್ಲೇ ಮರೆತು ಹೋಗ್ತಾರೆ. ನನ್ನ ಗಾಡಿಯಲ್ಲಿ ಹಾಗೆ ಸಿಕ್ಕಿದ್ದೇ ಏಳು ಇವೆ.

ನೆಲ ಮೆತ್ತಗಿದ್ದರೆ ಜಾಕ್ ಕೆಳಗೆ ಹಲಗೆ ಬೇಕೇ ಬೇಕು. ಎರಡು ಕೈ ಅಗಲದ ದಪ್ಪ ಹಲಗೆ ಡಿಕ್ಕಿಯಲ್ಲಿ ಬಿದ್ದಿರಲಿ.


ಮೌನಮೋಟಾರು:

ನಂದು ಕರೆಂಟಿನ ಕಾರು. ಸ್ಟೆಪ್ನಿಯೇ ಕೊಟ್ಟಿಲ್ಲ, ಒಂದು ಗಾಳಿ ಪಂಪು, ಒಂದು ಅಂಟಿನ ಡಬ್ಬ ಕೊಟ್ಟಿದ್ದಾರೆ. ನಾನು ಏನು ಮಾಡಲಿ?


ರಾತ್ರಿಪಾಳಿ:

ಮೊಳೆ ಚುಚ್ಚಿದ ಸಣ್ಣ ತೂತು, ಅದೂ ನೆಲಕ್ಕೆ ತಾಗೋ ಭಾಗದಲ್ಲಿದ್ದರೆ ಅಂಟು ಕೆಲಸ ಮಾಡುತ್ತೆ. ಪಕ್ಕದ ಗೋಡೆ ಹರಿದಿದ್ದರೆ ಎರಡು ಡಬ್ಬ ಸುರಿದರೂ ನಿಲ್ಲಲ್ಲ, ನಮ್ಮಂಥವರನ್ನು ಕರೀರಿ. ಡಬ್ಬದ ಮೇಲೆ ಅವಧಿ ಮುಗಿಯೋ ತಾರೀಕು ಇರುತ್ತೆ, ನೋಡಿಕೊಳ್ಳಿ. ಎಲ್ಲಾದ್ರೂ ಜಾಕ್ ಕೊಡಿಸೋ ಸಂದರ್ಭ ಬಂದರೆ ಪಕ್ಕದಲ್ಲೇ ನಿಂತು ನೋಡಿ. ಈ ಗಾಡಿಗಳ ಹೊಟ್ಟೆ ಪೂರ್ತಿ ಬ್ಯಾಟರಿ. ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲಿ ಕೊಟ್ಟರೂ ಚಕ್ರದ ಖರ್ಚು ಹೋಗಿ ಬ್ಯಾಟರಿ ಖರ್ಚು ಆಗುತ್ತೆ.


ದೂರದಾರಿ:

ಸ್ಟೆಪ್ನಿ ಇರೋರು ಖುಷಿಪಡೋ ಮುಂಚೆ ಅದರಲ್ಲಿ ಗಾಳಿ ಇದೆಯಾ ನೋಡಿ. ತೆಳ್ಳಗಿನ ಚಿಕ್ಕ ಸ್ಟೆಪ್ನಿ ಇದ್ದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಉಳಿದ ಟೈರುಗಳ ಹಾಗೆ 32, 33 ಅಲ್ಲ. ಅದರ ಮೈಮೇಲೇ ಬರೆದಿರುತ್ತೆ, ಗಂಟೆಗೆ 80 ದಾಟಬೇಡಿ ಅನ್ನೋದೂ ಬರೆದಿರುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಒಂದು ದಿನವೂ ರಸ್ತೆ ಮುಟ್ಟದ ಸ್ಟೆಪ್ನಿ ನೋಡೋಕೆ ಹೊಸದು, ರಬ್ಬರಿಗೆ ಮಾತ್ರ ವಯಸ್ಸಾಗಿರುತ್ತೆ.

ಅಲಾಯ್ ಚಕ್ರದವರಿಗೆ ಇನ್ನೊಂದು. ಕೆಲವು ಗಾಡಿಗಳಲ್ಲಿ ಒಂದೊಂದು ಚಕ್ರದಲ್ಲೂ ಒಂದು ನಟ್ ಮಾತ್ರ ಬೇರೆ ಥರ ಇರುತ್ತೆ, ಕಳ್ಳತನ ಆಗದಿರಲಿ ಅಂತ. ಅದಕ್ಕೊಂದು ಪುಟ್ಟ ಕೀಲಿ ತುಂಡು ಬೇಕು. ಆ ತುಂಡು ಎಲ್ಲಿದೆ ಅಂತ ಈಗಲೇ ಎದ್ದು ಹೋಗಿ ನೋಡಿ ಬನ್ನಿ, ನಾನು ಕಾಯ್ತೀನಿ.


ಹೊಸಚಕ್ರ:

ಎರಡು ವಾರ ಬಿಟ್ಟು ಬರೀತಾ ಇದ್ದೀನಿ. ಹೊಸ ಜಾಕ್ ತಂದೆ, ಮೊನ್ನೆ ಪಂಕ್ಚರ್ ಏನೂ ಇಲ್ಲದೆ ಸುಮ್ನೆ ಅಭ್ಯಾಸಕ್ಕೆ ಅಂತ ಅದೇ ಮುಂದಿನ ಎಡ ಚಕ್ರ ಬಿಚ್ಚಿದೆ. ಹ್ಯಾಂಡ್ ಬ್ರೇಕ್, ಪಿ, ಬಲಗಡೆ ಹಿಂದಿನ ಚಕ್ರಕ್ಕೆ ಎರಡು ಮರದ ತುಂಡು. ಪಕ್ಕದವರು ಹತ್ತಿ ನಿಂತು ಬಿಗಿದಿದ್ದ ನಟ್ಟುಗಳಿಗೆ ನಾನೂ ಹಿಡಿ ಎಡಕ್ಕೆ ಇಟ್ಟು ಕಾಲು ಹಾಕಿದೆ, ಐದೂ ಟಕ್ ಟಕ್ ಅಂತ ಬಂದವು. ಆ ಸದ್ದು ಇಷ್ಟು ಖುಷಿ ಕೊಡುತ್ತೆ ಅಂತ ಗೊತ್ತಿರಲಿಲ್ಲ. ಒಂದರ ಮರೆ ಮೇಲ್ಗಡೆ ಸ್ವಲ್ಪ ಎಳೆದುಕೊಂಡ ಹಾಗೆ ಕಾಣ್ತು, ನಟ್ ಬೆರಳಲ್ಲಿ ಹೋಗಲಿಲ್ಲ. ಮೆಕ್ಯಾನಿಕ್‌ಗೆ ತೋರಿಸಿದೆ, ಸ್ಟಡ್ ಹಿಗ್ಗಿದೆ ಅಂತ ಆ ಒಂದನ್ನು ಬದಲಾಯಿಸಿದರು. ದೂರದಾರಿ ಮೇಡಂ, ನೀವು ಹೇಳಿದ್ದು ಅಕ್ಷರಶಃ ಆಯಿತು.

ಸನ್ನೆ ಉಪಾಯ ಬಹಳ ಚೆನ್ನಾಗಿದೆ. ಮೊದಲ ಸಲ ತೂತು ಹೊಂದಿಸೋಕೆ ಹತ್ತು ನಿಮಿಷ ಹಿಡಿಯಿತು, ಎರಡನೇ ಸಲ ಎರಡು ನಿಮಿಷ. ಕೀಲಿ ತುಂಡು ಗಾಡಿಯ ಪುಸ್ತಕದ ಚೀಲದ ಒಳಗೆ ಇತ್ತು. ಸ್ಟೆಪ್ನಿಯಲ್ಲಿ ಗಾಳಿ 14 ಇತ್ತು. ಅವತ್ತು ಪಂಕ್ಚರ್ ಆದ ಮೇಲೆ ಅದನ್ನೇ ಹಾಕಿಕೊಂಡು ಟೈರ್ ಅಂಗಡಿಗೆ ಹೋಗಿ ಬಂದಿದ್ದೆ ಅಂತ ಈಗ ಯೋಚನೆ ಮಾಡಿದರೆ...

60 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳಿಗೆ ಮತ್ತೆ ಟಾರ್ಕ್ ರೆಂಚ್ ಹಾಕಿ ನೋಡಿದೆ. ನಾಲ್ಕು ಅಲ್ಲಾಡಲಿಲ್ಲ, ಒಂದು ಸ್ವಲ್ಪ ತಿರುಗಿತು. ಇದು ಮಾಮೂಲಾ?


ಗ್ರೀಸ್‌ಕೈ:

ಮಾಮೂಲು. ರಿಮ್ ಕೂತುಕೊಳ್ಳೋಕೆ ಸ್ವಲ್ಪ ಓಡಬೇಕು, ಅದಕ್ಕೇ 50ರಿಂದ 100 ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿ ಅನ್ನೋದು. ಅದೇ ನಟ್ ಮೂರನೇ ಸಲವೂ ತಿರುಗಿದರೆ ಹೇಳಿ.

ಹಳೇ ಜಾಕ್ ಎಸೆದ್ರಾ?


ಹೊಸಚಕ್ರ:

ಇಲ್ಲ ಸರ್, ಇರಲಿ ಅಂತ ಡಿಕ್ಕಿಯಲ್ಲೇ ಇಟ್ಟಿದ್ದೀನಿ.


ಗ್ರೀಸ್‌ಕೈ:

ಎಸೀರಿ. ಇವತ್ತೇ.